ಮೂವತ್ತು ಗ್ರಾಂ ನಾರು

ಭಾವ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, ಒಂದು ಸೋಮವಾರ ಸಂಜೆ, ನಮ್ಮ ಊಟದ ಮೇಜಿನ ಮೇಲೆ ತಕ್ಕಡಿ ಬಂದು ಕೂತಿತು. ತಂದಿಟ್ಟವರು ನನ್ನ ಗಂಡ. ತಕ್ಕಡಿ ರಿಪೇರಿ ಇವರ ಕಸುಬು. ನಾವಿರುವುದು ಮಹಡಿಯ ಮೇಲೆ. ಕೆಳಗೆ ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆಯಲ್ಲಿ ಇವರ ಅಂಗಡಿ. ತರಕಾರಿಯವರ ತಕ್ಕಡಿ, ಔಷಧಿ ಅಂಗಡಿಯ ಪುಟ್ಟ ತಕ್ಕಡಿ, ಗೋದಾಮಿನ ಹಲಗೆ ತಕ್ಕಡಿ ಎಲ್ಲವೂ ಅಲ್ಲಿಗೆ ಬಂದು, ವಾಸಿಯಾಗಿ, ಹೋಗುತ್ತಿದ್ದವು. ಅದುವರೆಗೆ ಒಂದೂ ಮೆಟ್ಟಿಲು ಹತ್ತಿ ಮನೆಯೊಳಗೆ ಬಂದಿರಲಿಲ್ಲ.

"ಇದೇನಪ್ಪ, ಅಂಗಡೀನ ಮೇಲಕ್ಕೆ ತಂದ್ಬಿಟ್ಟೆ?" ಎಂದಳು ಮಗಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ದಿನವಿಡೀ ನಿಂತು ಕಾಲು, ಗಿರಾಕಿಗಳ ಜೊತೆ ಮಾತಾಡಿ ನಾಲಿಗೆ, ಎರಡೂ ಗಟ್ಟಿಯಾಗಿದ್ದವು.

"ಇವತ್ತಿಂದ ಎಲ್ರೂ ದಿನಕ್ಕೆ ಮೂವತ್ತು ಗ್ರಾಂ ನಾರು ತಿನ್ಬೇಕು. ನಾನು ತೂಕ ಹಾಕಿ ಬರೀತೀನಿ."

"ನಾರು ಅಂದ್ರೆ, ಹಗ್ಗ ಹೊಸೀತಾರಲ್ಲ, ಅದೇನೋ?" ಅತ್ತೆ ಕೇಳಿದರು.

"ಅದಲ್ಲಮ್ಮ. ಕಾಳು, ತರಕಾರಿ, ಹಣ್ಣಿನ ಸಿಪ್ಪೆ, ಇವುಗಳಲ್ಲೆಲ್ಲ ಇರುತ್ತೆ. ಕಣ್ಣಿಗೆ ಕಾಣಲ್ಲ."

"ಕಣ್ಣಿಗೆ ಕಾಣದ್ದನ್ನ ತೂಕ ಬೇರೆ ಹಾಕ್ತೀಯಾ?"

ಮಗಳು ನಕ್ಕಳು, ನಾನೂ ನಕ್ಕೆ. ಇವರು ನಗಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಬಿಡಿಸಿದರು. ಅದು ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟ ಪಟ್ಟಿ. ಭಾವನ ಕರುಳಿನಲ್ಲಿ ಗಡ್ಡೆ ಕಾಣಿಸಿ, ಏನು ಎತ್ತ ಎಂದು ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಯ ದಿನ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುವಾಗ ಡಾಕ್ಟರು, ಮನೆಯವರೆಲ್ಲ ಊಟದಲ್ಲಿ ನಾರು ಜಾಸ್ತಿ ಮಾಡಿಕೊಳ್ಳಿ, ದಿನಕ್ಕೆ ಇಪ್ಪತ್ತೈದು ಮೂವತ್ತು ಗ್ರಾಂ ಇರಲಿ ಎಂದಿದ್ದರು. ಇವರು ಅಲ್ಲೇ ನಿಂತು ಕೇಳಿದ್ದರಂತೆ: "ಅಣ್ಣ ಮೊದಲಿಂದ ತಿಂದಿದ್ರೆ ಉಳೀತಿದ್ನಾ?" ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆಲ್ಲ ಹೇಳೋಕಾಗಲ್ಲ ಎಂದು ಡಾಕ್ಟರು ಹೇಳಿದರು. ಅರ್ಧ ಗ್ರಾಂ ವ್ಯತ್ಯಾಸವಿದ್ದರೂ ಎಷ್ಟು, ಯಾಕೆ ಎಂದು ಹುಡುಕಿ ತೆಗೆಯುವ ಮನುಷ್ಯ ಇವರು. ಹೇಳೋಕಾಗಲ್ಲ ಎಂಬ ಉತ್ತರವನ್ನು ಹೇಗೆ ನುಂಗಬೇಕೋ ಇವರಿಗೆ ಗೊತ್ತಾಗಲಿಲ್ಲ.

ಇವರು ಪಟ್ಟಿಯನ್ನು ಮೇಲಿನಿಂದ ಗಟ್ಟಿಯಾಗಿ ಓದಿದರು. ಮೊದಲ ಸಾಲೇ, "ಬಿಳಿ ಬ್ರೆಡ್ಡು, ಒಂದು ಹೋಳು, ಮುಕ್ಕಾಲು ಗ್ರಾಂ."

ಅತ್ತೆಯ ಕೈ ತಟ್ಟೆಯ ಮೇಲೆ ಹಾಗೇ ನಿಂತದ್ದನ್ನು ನಾನು ನೋಡಿದೆ.

ಅತ್ತೆ ಮೂವತ್ತೊಂದು ವರ್ಷ ಬ್ರೆಡ್ ಕಾರ್ಖಾನೆಯಲ್ಲಿ ಹೋಳು ಮಾಡುವ ಮೇಜಿನ ಮುಂದೆ ನಿಂತವರು. ಅವರ ಗಂಡ ಬೇಗ ತೀರಿಹೋದರು. ಸಂಜೆ ಮಿಕ್ಕ ಬಿಳಿ ಬ್ರೆಡ್ಡನ್ನು ಕೆಲಸದವರಿಗೆ ಹಂಚುತ್ತಿದ್ದರು; ಅದನ್ನು ಚೀಲದಲ್ಲಿ ತಂದು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ದೊಡ್ಡವನು ಭಾವ. ಮದುವೆಯಾಗಲಿಲ್ಲ, ವ್ಯಾನು ಓಡಿಸಿಕೊಂಡು ನಮ್ಮ ಜೊತೆಯಲ್ಲೇ ಇದ್ದರು. ಐವತ್ತೊಂಬತ್ತನೇ ವಯಸ್ಸಿನವರೆಗೂ ಬೆಳಿಗ್ಗೆ ನಾಲ್ಕು ಹೋಳು, ಸಂಜೆ ನಾಲ್ಕು ಹೋಳು ಬಿಳಿ ಬ್ರೆಡ್ಡೇ ಆಗಬೇಕು. ಬೇರೆ ಏನು ಕೊಟ್ಟರೂ, ಇದಕ್ಕೆ ಅಮ್ಮನ ಚೀಲದ ವಾಸನೆ ಇಲ್ಲ ಎನ್ನುತ್ತಿದ್ದರು.

ಆ ಸೋಮವಾರದಿಂದಲೇ ಅತ್ತೆ ನಮ್ಮ ಜೊತೆ ಉಣ್ಣುವುದು ಕಮ್ಮಿಯಾಗುತ್ತ ಬಂತು. ಅವರು ಮೇಜಿಗೆ ಮರಳುತ್ತಾರೋ ಇಲ್ಲವೋ ಎಂಬುದೇ ಮುಂದಿನ ಹತ್ತು ವಾರ ನನ್ನ ತಲೆ ತಿಂದ ಚಿಂತೆ.

ಮೊದಲ ವಾರ ಸುಮ್ಮನೆ ಕಿರಿಕಿರಿ, ಅಷ್ಟೆ. ಇವರು ಖಾಲಿ ತಟ್ಟೆ ತೂಗುತ್ತಾರೆ, ಬರೆಯುತ್ತಾರೆ. ಕಾಳು ಹಾಕಿ ತೂಗುತ್ತಾರೆ, ತಟ್ಟೆಯ ತೂಕ ಕಳೆದು ಬರೆಯುತ್ತಾರೆ. ಕ್ಯಾರೆಟ್ಟು ಹಾಕಿ ತೂಗುತ್ತಾರೆ. ಹೀಗೆ ನಾಲ್ಕು ತಟ್ಟೆ. ನಮ್ಮ ಮನೆಯಲ್ಲಿ ಎಲ್ಲರ ತಟ್ಟೆ ತುಂಬುವ ತನಕ ಅತ್ತೆ ಮೊದಲ ತುತ್ತು ಎತ್ತುವವರಲ್ಲ. ಹಿರಿಯರೆಂದು ಮೊದಲು ತೂಗುವುದು ಅವರದ್ದೇ. ಹಾಗಾಗಿ ಎಲ್ಲರಿಗಿಂತ ತಣ್ಣಗಾದ ಊಟ ಅವರದ್ದು.

"ರೀ, ಕೈಯಳತೆ ಅಂತ ಒಂದಿರುತ್ತೆ," ಎಂದೆ ನಾನು. "ಇಪ್ಪತ್ತೆರಡು ವರ್ಷದಿಂದ ಯಾರಿಗೆ ಎಷ್ಟು ಅಂತ ನನ್ನ ಕೈಗೆ ಗೊತ್ತಿದೆ."

"ನಿನ್ನ ಕೈಗೆ ಸೀಲು ಹಾಕಿಸಿದ್ಯಾ?"

ಇದು ಅಂಗಡಿಯ ತಮಾಷೆ. ತೂಕದ ಗುಂಡುಗಳನ್ನು ವರ್ಷಕ್ಕೊಮ್ಮೆ ಸರ್ಕಾರಿ ಕಚೇರಿಗೆ ಕಳಿಸಿ, ತೂಕ ಸರಿಯಿದೆ ಎಂದು ಸೀಲು ಹಾಕಿಸಬೇಕು. ನಾನು ಶರ್ಟಿನ ಕಾರ್ಖಾನೆಯಲ್ಲಿ ಕಾಲರು ಹೊಲಿಯುವವಳು; ದಿನಕ್ಕೆ ನಾನೂರು ಕಾಲರು. ಸಂಜೆ ಮನೆಗೆ ಬಂದು ಮತ್ತೆ ಅಳತೆ ಎಂದರೆ ಜೀವ ಬಾಯಿಗೆ ಬರುತ್ತಿತ್ತು.

ಮಗಳು ಬೇರೆ ದಾರಿ ಹಿಡಿದಳು.

"ಮಧ್ಯಾಹ್ನ ಏನು ತಿಂದೆ?" ಇವರು ಪುಸ್ತಕ ತೆರೆದು ಕೇಳುವರು.

"ಸೇಬು."

"ಸಿಪ್ಪೆ ಸಮೇತಾನಾ?"

"ಬೀಜ ಸಮೇತ."

"ಎಷ್ಟು?"

"ಎರಡು. ಬೇಕಾದ್ರೆ ಮೂರು ಅಂತ ಬರ್ಕೋ, ನನಗೇನೂ ಬೇಜಾರಿಲ್ಲ."

ಅವಳ ತೋಳಿನ ತುದಿಗೆ ಕೇಕಿನ ಕೆನೆ ಹತ್ತಿರುತ್ತಿತ್ತು. ನಾನು ಕಣ್ಣು ಸನ್ನೆ ಮಾಡಿ ಒರೆಸಿಕೋ ಎಂದರೆ ಒರೆಸಿಕೊಳ್ಳುವಳು. ಇವರು ಎಂಟು ಗ್ರಾಂ ಎಂದು ಬರೆಯುವರು.

ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಇವರು ನೂರು ಗ್ರಾಂ ಬೆಂದ ಕೆಂಪು ಕಾಳಿಗೆ ಇಪ್ಪತ್ತನಾಲ್ಕು ಎಂದು ಬರೆಯುತ್ತಿದ್ದರು. ನನಗೆ ಅನುಮಾನ ಬಂದು ಪಟ್ಟಿ ನೋಡಿದೆ. ಅದು ಒಣ ಕಾಳಿನ ಲೆಕ್ಕ. ನೆನೆಸಿ ಬೇಯಿಸಿದರೆ ಕಾಳು ಎರಡು ಮೂರು ಪಟ್ಟು ಊದುತ್ತದೆ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತು, ತಕ್ಕಡಿಯವರಿಗೆ ಹೇಗೆ ಗೊತ್ತಿರಬೇಕು?

"ರೀ, ಬೆಂದಿದ್ದಕ್ಕೆ ಎಂಟೇ ಗ್ರಾಂ. ಕೆಳಗಡೆ ಸಾಲಲ್ಲಿ ಬರೆದಿದೆ ನೋಡಿ."

ಇವರು ನೋಡಿದರು. ಅಳತೆಪಟ್ಟಿ ಇಟ್ಟು, ಕೆಂಪು ಪೆನ್ಸಿಲಿನಿಂದ ಒಂಬತ್ತು ದಿನದ ಪುಟಗಳನ್ನು ಒಂದೊಂದಾಗಿ ಹೊಡೆದು ಹಾಕಿದರು. ಮುಖ ಸುಣ್ಣ ಬಳಿದ ಹಾಗಾಗಿತ್ತು. ಒಂದು ಪುಸ್ತಕದ ತಪ್ಪಿಗೆ ಇಷ್ಟೊಂದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಮಾರನೇ ದಿನದಿಂದ ಎಲ್ಲರ ತಟ್ಟೆಯಲ್ಲೂ ಕಾಳು ಮೂರು ಪಟ್ಟಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಮಗಳು ನನ್ನನ್ನು ಬೈದಳು.

ಅತ್ತೆಗೆ ಮೇಲಿನ ಸಾಲು ಕಟ್ಟಿಸಿದ ಹಲ್ಲು. ಕಾಳಿನ ಸಿಪ್ಪೆ ಅದರಡಿ ಸಿಕ್ಕಿ ಒತ್ತುತ್ತದೆ. ಅವರು ಊಟದ ನಡುವೆ ಎರಡು ಸಲ ಎದ್ದು ಬಚ್ಚಲಿಗೆ ಹೋಗಿ ಹಲ್ಲು ತೊಳೆದು ಬರಬೇಕಾಯಿತು.

"ಅಮ್ಮ, ಇನ್ನೂ ಹನ್ನೊಂದು ಗ್ರಾಂ ಬಾಕಿ ಇದೆ," ಎಂದರು ಇವರು ಒಂದು ದಿನ.

"ತಿಂತೀನಪ್ಪ. ನನಗೆ ಅಗಿಯೋಕೆ ಹೊತ್ತು ಬೇಕು. ನಿಮ್ಮನ್ನೆಲ್ಲ ಯಾಕೆ ಕಾಯಿಸ್ಲಿ? ನಾಳೆಯಿಂದ ನನ್ನ ತಟ್ಟೆ ರೂಮಿಗೇ ಕೊಡಿ."

"ಒಬ್ಬಳೇ ಕೂತು ತಿಂತೀಯಾ?"

"ನಿಧಾನಕ್ಕೆ ತಿಂತೀನಿ."

ಇವರಿಗೆ ಅದು ಸರಿಯೆನಿಸಿತು. ಇವರು ತೂಗಿ ಕೊಡುವರು, ನಾನು ರೂಮಿಗೆ ಒಯ್ಯುವೆ, ಮುಕ್ಕಾಲು ಗಂಟೆಯ ಮೇಲೆ ತಟ್ಟೆ ಖಾಲಿಯಾಗಿ ಬರುವುದು. ಇವರು ಇಪ್ಪತ್ತೊಂಬತ್ತು, ಮೂವತ್ತು ಎಂದು ಬರೆದು, "ನೋಡಿ ಕಲೀರಿ. ಈ ವಯಸ್ಸಲ್ಲಿ ಅಮ್ಮನೇ ಎಲ್ಲರಿಗಿಂತ ಮುಂದೆ," ಎನ್ನುವರು.

ಐದನೇ ವಾರ ಕಾರ್ಖಾನೆಯಲ್ಲಿ ಬಾಯ್ಲರು ಕೆಟ್ಟು ನಮ್ಮನ್ನು ಅರ್ಧ ದಿನಕ್ಕೇ ಮನೆಗೆ ಕಳಿಸಿದರು. ನಾನು ಬಂದಾಗ ಅತ್ತೆಯ ರೂಮಿನ ಬಾಗಿಲು ತೆರೆದಿತ್ತು. ಅವರು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಮಡಿಲಲ್ಲಿ ಒಂದು ಡಬ್ಬಿ. ಹೊರಗೆ ಕಟ್ಟೆಯ ಮೇಲೆ ಐದಾರು ಪಾರಿವಾಳ. ಅತ್ತೆ ಒಂದೊಂದೇ ಕಾಳನ್ನು ಸಾಲಾಗಿ ಇಡುತ್ತಿದ್ದರು, ಅವು ಸಾಲಾಗಿ ತಿನ್ನುತ್ತಿದ್ದವು.

ಅವರು ನನ್ನನ್ನು ನೋಡಿ ಬೆಚ್ಚಲಿಲ್ಲ. "ಬೇಗ ಬಂದ್ಯಾ?" ಎಂದರು.

"ಅತ್ತೆ, ದಿನಾ ಹೀಗೇನಾ?"

"ರಾತ್ರೀದು ಡಬ್ಬಿಗೆ ಹಾಕಿಡ್ತೀನಿ. ಮಾರನೇ ದಿನ ಇವಕ್ಕೆ."

"ಮತ್ತೆ ನೀವು?"

"ಚೂರು ಹಾಲು ಕುಡೀತೀನಲ್ಲ."

ನಾನು ಮಂಚದ ತುದಿಯಲ್ಲಿ ಕೂತೆ. ಹಲ್ಲು ನೋವಾದರೆ ಕಾಳು ಅರೆದು ಕೊಡುತ್ತೇನೆ, ಓಟ್ಸು ಮೆತ್ತಗೆ ಬೇಯಿಸುತ್ತೇನೆ, ಬಾಳೆಹಣ್ಣು ಇದೆ ಎಂದೆಲ್ಲ ಹೇಳಿದೆ. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ಅಂದರು:

"ಹಲ್ಲಿಗೇನೂ ಆಗಿಲ್ಲ ಕಣೇ. ಬಾಯಿಗಿಟ್ರೆ ಇಳಿಯಲ್ಲ. ದೊಡ್ಡವನಿಗೆ ಹಲ್ಲು ಬಂದಾಗಿಂದ ನಾನು ಕೊಟ್ಟಿದ್ದು ಬಿಳಿ ಬ್ರೆಡ್ಡು. ಎಂಟು ಹೋಳು. ಹೋಳಿಗೆ ಮುಕ್ಕಾಲು. ಆರು ಗ್ರಾಂ ಆಯ್ತು. ಬೇರೆ ಏನು ಹೊಟ್ಟೆಗೆ ಹೋಯ್ತೋ ನಾನು ನೋಡ್ಲಿಲ್ಲ. ಬೇಕಾಗಿದ್ದು ಮೂವತ್ತು. ನನಗೂ ಅಷ್ಟು ಲೆಕ್ಕ ಬರುತ್ತೆ."

"ಹಾಗೆಲ್ಲ ಯೋಚನೆ ಮಾಡ್ಬಾರ್ದು ಅತ್ತೆ. ಡಾಕ್ಟ್ರೇ ಹೇಳೋಕಾಗಲ್ಲ ಅಂದ್ರು."

"ಡಾಕ್ಟ್ರು ಹೇಳ್ಲಿಲ್ಲ. ನನ್ನ ಮಗ ದಿನಾ ಕೂತು ಬರೀತಾನಲ್ಲ. ಅದು ಯಾರ ಲೆಕ್ಕ ಅಂತ ನನಗೆ ಗೊತ್ತಾಗಲ್ವಾ?"

"ಅದು ನಿಮ್ಮ ಲೆಕ್ಕ ಅಲ್ಲ."

"ಮತ್ಯಾರದ್ದು?"

ಪಾರಿವಾಳಗಳು ಕಟ್ಟೆಯ ಮೇಲೆ ಓಡಾಡುತ್ತಿದ್ದವು. ಅತ್ತೆ ನನ್ನ ಕೈ ಹಿಡಿದು, "ಅವನಿಗೆ ಹೇಳ್ಬೇಡ. ಮನೇಲಿ ಇನ್ನೊಂದು ರಾಮಾಯಣ ಬೇಡ," ಎಂದರು. ಆಗಲಿ ಎಂದೆ. ಹೇಳಬೇಕಿತ್ತು, ಹೇಳಲಿಲ್ಲ. ಒಮ್ಮೆ ಬಾಯಿ ಬಿಟ್ಟು ಕಾಳು ಮೂರು ಪಟ್ಟಾದದ್ದು ಇನ್ನೂ ನೆನಪಿತ್ತು. ದಿನಾ ಕಾರ್ಖಾನೆಗೆ ಹೋಗುವ ಮುಂಚೆ ಅವರ ರೂಮಿನಲ್ಲಿ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಇಟ್ಟು ಹೋಗತೊಡಗಿದೆ. ಸಂಜೆ ಬಂದು ನೋಡಿದರೆ ಹಾಲು ಹೋಗಿರುತ್ತಿತ್ತು. ಹಣ್ಣು ಅಲ್ಲೇ ಕಪ್ಪಾಗುತ್ತಿತ್ತು.

ದಿನ ಕಳೆದಂತೆ ಮೇಜು ಖಾಲಿಯಾಯಿತು. ಮಗಳು ಸಂಜೆಯ ಪಾಳಿ ಕೇಳಿ ಹಾಕಿಸಿಕೊಂಡಳು. ನಾನು ಅಡುಗೆಮನೆಯಲ್ಲೇ ನಿಂತುಕೊಂಡು, ಒಲೆಯ ಪಕ್ಕ ತಟ್ಟೆಯಿಟ್ಟು ತಿನ್ನುವುದನ್ನು ಅಭ್ಯಾಸ ಮಾಡಿಕೊಂಡೆ. ಕೇಳಿದರೆ ರುಚಿ ನೋಡುತ್ತಿದ್ದೆ ಎನ್ನುತ್ತಿದ್ದೆ. ಐದು ಜನ ಕೂರುತ್ತಿದ್ದ ಮೇಜಿಗೆ ಇವರೊಬ್ಬರೇ. ಎದುರಿಗೆ ತಕ್ಕಡಿ, ಪಕ್ಕದಲ್ಲಿ ಪುಸ್ತಕ. ತೂಗುವ ಸದ್ದು, ಪೆನ್ಸಿಲಿನ ಸದ್ದು, ಕ್ಯಾರೆಟ್ಟು ಅಗಿಯುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಒಮ್ಮೊಮ್ಮೆ ಪಾಪ ಎನಿಸುತ್ತಿತ್ತು, ಒಮ್ಮೊಮ್ಮೆ ಅನುಭವಿಸಲಿ ಎನಿಸುತ್ತಿತ್ತು.

"ಎಲ್ಲಿ ಹೋದ್ರು ಎಲ್ರೂ?" ಎಂದು ಒಂದು ದಿನ ಕೇಳಿದರು.

"ಎಲ್ರೂ ಮನೇಲೇ ಇದಾರೆ."

"ಹಾಗಾದ್ರೆ ಬರಬಹುದಲ್ಲ."

"ತಕ್ಕಡಿ ತೆಗೀರಿ, ಬರ್ತಾರೆ."

"ಅದೊಂದು ಕೇಳ್ಬೇಡ," ಎಂದು ತಲೆ ತಗ್ಗಿಸಿ ಉಂಡರು.

ಹತ್ತನೇ ವಾರ ಪಾರ್ಸಲ್ ಆಫೀಸಿನ ಹಲಗೆ ತಕ್ಕಡಿ ರಿಪೇರಿಗೆ ಬಂತು. ನೂರು ಕಿಲೋ ತೂಗುವಂಥದ್ದು. ಕೊಡಲೇಬೇಕಾದ ದಿನ ಹತ್ತಿರ ಬಂದಿತ್ತು. ಆದರೆ ಇವರ ಗುಂಡುಗಳು, ಒಂದು ಕಿಲೋದಿಂದ ಇಪ್ಪತ್ತು ಕಿಲೋದವರೆಗೆ ಅಷ್ಟೂ, ಸೀಲು ಹಾಕಿಸಲು ಕಚೇರಿಗೆ ಹೋಗಿದ್ದವು. ಇಂಥ ಹೊತ್ತಿಗೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಅತ್ತೆಯನ್ನು ಕರೆದು ಹಲಗೆಯ ಮೇಲೆ ನಿಲ್ಲಿಸುವುದು. ಹನ್ನೆರಡು ವರ್ಷದಿಂದ ಅತ್ತೆಯ ತೂಕ ಐವತ್ತೆರಡು ಕಿಲೋ. ಬೇಸಿಗೆಯಾಗಲಿ ಚಳಿಯಾಗಲಿ, ಅತ್ತಿತ್ತ ಆಗಿರಲಿಲ್ಲ. "ಕಚೇರಿಯ ಗುಂಡಾದ್ರೂ ಸವೆಯುತ್ತೆ, ನಮ್ಮಮ್ಮ ಸವೆಯಲ್ಲ," ಎಂದು ಇವರು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದರು. ಅತ್ತೆಗೂ ಅದೊಂದು ಖುಷಿ.

ಆ ಶನಿವಾರ ಸಂಜೆ ಅತ್ತೆ ಗೋಡೆ ಹಿಡಿದು ಮೆಟ್ಟಿಲಿಳಿದರು. ಅವರ ಬೆನ್ನಿಗೆ ನಾನಿದ್ದೆ. ಅವರು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತರು. ಮುಳ್ಳು ನಲವತ್ತಾರಕ್ಕೆ ಹೋಗಿ ನಿಂತಿತು.

ಇವರು ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದರು. ಮುಳ್ಳು ಅಲ್ಲಾಡಲಿಲ್ಲ.

"ಇಳಿದು ಮತ್ತೆ ನಿಲ್ಲಮ್ಮ."

ಮತ್ತೆ ನಲವತ್ತಾರು.

"ಆರು ಕಿಲೋ ತಿಂತಿದೆ. ಸ್ಪ್ರಿಂಗು ಬಿಗಿದುಕೊಂಡಿದೆ," ಎಂದು ಇವರು ಸ್ಕ್ರೂಡ್ರೈವರು ತೆಗೆದುಕೊಂಡರು.

ಹಲಗೆಯ ಮೇಲೆ ನಿಂತಿದ್ದ ಅತ್ತೆ ನನ್ನ ಮುಖ ನೋಡಿದರು. ಅವರ ಬ್ಲೌಸಿನ ತೋಳು ಸಡಿಲವಾಗಿ ಜೋಲುತ್ತಿತ್ತು, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಕಣ್ಣಿದ್ದ ಯಾರಿಗಾದರೂ ತಿಳಿಯುತ್ತಿತ್ತು. ಇವರ ಕಣ್ಣು ಮುಳ್ಳಿನ ಮೇಲಿತ್ತು. ಹಿಂದುಗಡೆಯ ಮುಚ್ಚಳ ಬಿಚ್ಚಿ, ಒಳಗಿನ ತಿರುಪನ್ನು ಕಾಲು ಸುತ್ತು, ಇನ್ನೊಂದು ಕಾಲು ಸುತ್ತು ತಿರುಗಿಸಿ, ಮುಳ್ಳನ್ನು ಐವತ್ತೆರಡಕ್ಕೆ ತಂದು ನಿಲ್ಲಿಸಿದರು.

"ಈಗ ಸರಿಹೋಯ್ತು. ಇಳಿಯಮ್ಮ."

ಅತ್ತೆ ಇಳಿದು ಚಪ್ಪಲಿ ಹಾಕಿಕೊಂಡು ಮೇಲೆ ಹೋದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಈಗ ಕೇಳಿದರೆ, ಹೇಳಲು ನನಗೆ ನಾಚಿಕೆಯಾಗುತ್ತದೆ. ಪುಟಗಳನ್ನು ಹೊಡೆದು ಹಾಕಿದ ದಿನದ ಇವರ ಆ ಮುಖ ಮತ್ತೆ ನೋಡಲು ನನಗೆ ಭಯವಿತ್ತು.

ನಾಲ್ಕು ದಿನಕ್ಕೆ ತಕ್ಕಡಿ ವಾಪಸು ಬಂತು. ಅವತ್ತು ನನಗೆ ವಾರದ ರಜೆ. ಅಂಗಡಿ ಗುಡಿಸಲು ಕೆಳಗೆ ಬಂದಿದ್ದೆ. ಪಾರ್ಸಲ್ ಆಫೀಸಿನ ಗುಮಾಸ್ತ ಇಬ್ಬರು ಹಮಾಲಿಗಳ ಕೈಯಲ್ಲಿ ಹೊರಿಸಿಕೊಂಡು ಬಂದು, ದೊಪ್ಪನೆ ಬಾಗಿಲಲ್ಲೇ ಇಳಿಸಿದ.

"ಏನ್ ಸ್ವಾಮಿ ಇದು? ಐವತ್ತು ಕಿಲೋ ಚೀಲ ಐವತ್ತಾರೂವರೆ ತೋರಿಸ್ತಿದೆ. ಜನ ನಮ್ಮನ್ನ ಕಳ್ಳರು ಅಂತ ಬೈತಿದಾರೆ."

"ಸಾಧ್ಯ ಇಲ್ಲ," ಎಂದರು ಇವರು.

"ಸಾಧ್ಯ ಇಲ್ದೇ ಇದ್ರೆ ಹೊತ್ಕೊಂಡು ಬರೋಕೆ ನಮಗೇನು ಹುಚ್ಚಾ?"

ಗುಂಡುಗಳು ಹಿಂದಿನ ದಿನವಷ್ಟೇ ಹೊಸ ಸೀಲಿನೊಂದಿಗೆ ಬಂದಿದ್ದವು. ಇವರು ಇಪ್ಪತ್ತರ ಎರಡು ಗುಂಡು ಎತ್ತಿ ಹಲಗೆಯ ಮೇಲಿಟ್ಟರು. ಮುಳ್ಳು ನಲವತ್ತೈದು ದಾಟಿತು. ಗುಂಡು ತೆಗೆದು ಮತ್ತೆ ಇಟ್ಟರು. ಅಷ್ಟೇ. ಗುಮಾಸ್ತ ಏನೇನೋ ಹೇಳುತ್ತಿದ್ದ, ಸಂಜೆಗೆ ಸರಿಯಾದದ್ದು ಬೇಕು ಎಂದು ಗದರಿಸಿ ಹೋದ. ಇಪ್ಪತ್ತೆಂಟು ವರ್ಷದಲ್ಲಿ ಇವರ ಕೈಯಿಂದ ಹೋಗಿ ವಾಪಸು ಬಂದ ಮೊದಲ ತಕ್ಕಡಿ ಅದು. ಆದರೆ ಇವರು ಅವಮಾನಪಟ್ಟ ಹಾಗೆ ಕಾಣಲಿಲ್ಲ. ಹಲಗೆಯ ಪಕ್ಕ ನೆಲದ ಮೇಲೇ ಕೂತುಬಿಟ್ಟರು.

"ತಕ್ಕಡಿ ಸರಿಯಾಗೇ ಇತ್ತು," ಎಂದರು.

"ಹೂಂ."

"ಅಮ್ಮ ನಲವತ್ತಾರು."

"ಹೂಂ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ನಾನೇ ಎಲ್ಲ ಹೇಳಿದೆ. ಪಾರಿವಾಳ, ಡಬ್ಬಿ, ಎಂಟು ಹೋಳು, ಆರು ಗ್ರಾಂ. "ನೀವು ದಿನಾ ಬರೀತಿರೋದು ತಮ್ಮ ಲೆಕ್ಕ ಅಂತ ಅತ್ತೆ ಅಂದ್ಕೊಂಡಿದಾರೆ. ತಮ್ಮ ಕೈಯೂಟ ತಿಂದೇ ಮಗ ಹೋದ ಅಂತ."

ಇವರು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು. ಆ ಕೈಗಳಲ್ಲಿ ಗ್ರೀಸಿತ್ತು, ಕೆನ್ನೆಗೆಲ್ಲ ಹತ್ತಿತು.

"ಅಮ್ಮನ ಲೆಕ್ಕ ಅಲ್ಲ ಕಣೇ ಅದು. ನಂದು."

"ನಿಮ್ಮದಾ?"

"ಬ್ರೆಡ್ಡಿನ ಜೊತೆ ದಿನಾ ಸಂಜೆ ಕಾಳು ಬೇಯಿಸ್ತಿದ್ಲು ಅಮ್ಮ. ಅಣ್ಣನಿಗೆ ಹಾಕಿದ್ದನ್ನ ಅವನು ನನ್ನ ತಟ್ಟೆಗೆ ಸುರೀತಿದ್ದ. ಅಮ್ಮ ಆ ಕಡೆ ತಿರುಗಿದ ತಕ್ಷಣ. ನಾನು ತಿಂದುಬಿಡ್ತಿದ್ದೆ. ಬೇಡ ಅಂತ ಒಂದು ದಿನಾನೂ ಅನ್ಲಿಲ್ಲ. ಹತ್ತು ಹನ್ನೆರಡು ವರ್ಷ. ಅವನ ತಟ್ಟೇಲಿ ಒಂದು ಕಾಳೂ ಉಳೀತಿರ್ಲಿಲ್ಲ. ನನಗೆ ಚೆನ್ನಾಗಿ ನೆನಪಿದೆ, ಒಂದೂ ಉಳೀತಿರ್ಲಿಲ್ಲ."

ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಬಾಳಿದ್ದೇನೆ, ಈ ಮಾತು ನನಗೆ ಗೊತ್ತಿರಲಿಲ್ಲ. ಕೆಂಪು ಪೆನ್ಸಿಲು ಹಿಡಿದ ದಿನ ಆ ಮುಖ ಯಾಕೆ ಹಾಗಾಗಿತ್ತು ಎಂದು ಆಗ ತಿಳಿಯಿತು. ಒಂದೇ ಮನೆಯಲ್ಲಿ ತಾಯಿ ಒಂದು ಬಾಗಿಲ ಹಿಂದೆ, ಮಗ ಮೇಜಿನ ಮುಂದೆ, ಒಂದೇ ಸಾವನ್ನು ಇಬ್ಬರೂ ತಮ್ಮ ತಮ್ಮ ಹೆಸರಿಗೆ ಬರೆದುಕೊಂಡು ಕೂತಿದ್ದರು. ನಾನು ನಡುವೆ ತಟ್ಟೆ ಹೊತ್ತು ಓಡಾಡುತ್ತಿದ್ದೆ.

"ಮೇಲೆ ಹೋಗಿ ಹೇಳಿ," ಎಂದೆ.

ಅತ್ತೆ ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದರು. ಇವರು ಬಾಗಿಲಲ್ಲಿ ನಿಂತರು. ಒಳಗೆ ಹೋಗಲು ಧೈರ್ಯ ಸಾಲದ ಹಾಗೆ ಚೌಕಟ್ಟು ಹಿಡಿದುಕೊಂಡಿದ್ದರು.

"ಅಮ್ಮ, ತಕ್ಕಡಿ ವಾಪಸು ಬಂತು."

"ಕೇಳಿಸ್ತು. ಆ ಗುಮಾಸ್ತನ ಗಂಟಲು ದೊಡ್ಡದು."

"ನಾನು ಬರೀತಿದ್ದಿದ್ದು ನಿನ್ನ ಲೆಕ್ಕ ಅಲ್ಲಮ್ಮ." ಹಾಗೆಂದು ಕಾಳಿನ ವಿಷಯ ಹೇಳಿದರು. ಅಣ್ಣ ಕೊಡುತ್ತಿದ್ದ, ನಾನು ತಿನ್ನುತ್ತಿದ್ದೆ ಎಂದಷ್ಟೇ ಹೇಳಿದರು. ಹೇಳುವಾಗ ದನಿ ಚಿಕ್ಕ ಹುಡುಗನದ್ದಾಗಿತ್ತು.

ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತು ಕಣೋ," ಎಂದರು.

"ಗೊತ್ತಾ?"

"ಬಡಿಸ್ತಿದ್ದವಳು ನಾನು. ಗೊತ್ತಿಲ್ದೇ ಇರುತ್ತಾ? ನಿನ್ನ ತಟ್ಟೆಗೆ ನೇರವಾಗಿ ಹಾಕಿದ್ರೆ ನೀನು ಮುಟ್ತಿರ್ಲಿಲ್ಲ. ಅಣ್ಣನ ತಟ್ಟೇದು, ಕದ್ದು ಬಂದಿದ್ದು ಅಂದ್ರೆ ತಿಂತಿದ್ದೆ. ನೀನು ವರ್ಷಕ್ಕೆ ಮೂರು ಸಲ ಕಾಯಿಲೆ ಬಿದ್ದು ಮಲಗೋ ಮಗು. ಅವನು ಗಟ್ಟಿ. ಅದಕ್ಕೆ ಅವನಿಗೆ ಎರಡು ಸೌಟು ಹಾಕ್ತಿದ್ದೆ. ಒಂದು ನಿನಗೆ ಹೋಗ್ಲಿ, ಒಂದು ಅವನಿಗೆ ಉಳೀಲಿ ಅಂತ."

ಇವರು ಕೆನ್ನೆಯ ಗ್ರೀಸನ್ನು ತೋಳಿನಿಂದ ಒರೆಸಿಕೊಂಡರು.

"ಹಾಕಿಬಿಟ್ಟು ಪಾತ್ರೆ ತೊಳೆಯೋಕೆ ಹೋಗ್ತಿದ್ದೆ. ಹತ್ತು ಗಂಟೆ ನಿಂತು ಬಂದಿರ್ತಿದ್ದೆ, ಯಾವಾಗ ಮಲಗ್ತೀನೋ ಅನ್ನಿಸ್ತಿತ್ತು. ಉಳೀತೋ ಇಲ್ವೋ ಅಂತ ಒಂದು ದಿನಾನೂ ತಿರುಗಿ ನೋಡ್ಲಿಲ್ಲ." ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮಗನ ಮುಖವನ್ನೇ ನೋಡಿದರು. "ನೀನು ಅಲ್ಲೇ ಕೂತಿರ್ತಿದ್ಯಲ್ಲ. ಅವನಿಗೆ ಉಳೀತಿತ್ತಾ?"

ನಾನು ಇವರ ಹಿಂದೆ ನಿಂತಿದ್ದೆ. ಮುಖ ಕಾಣುತ್ತಿರಲಿಲ್ಲ, ಚೌಕಟ್ಟು ಹಿಡಿದ ಕೈ ಮಾತ್ರ ಕಾಣುತ್ತಿತ್ತು.

"ಉಳೀತಿತ್ತಮ್ಮ."

"ಎಷ್ಟು?"

"ಅರ್ಧ," ಎಂದರು. "ಸರಿಯಾಗಿ ಅರ್ಧ."

ಅತ್ತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮೆಲ್ಲಗೆ, "ಹಾಗಾದ್ರೆ ಒಂದು ಸೌಟು ತಿಂದಿದಾನೆ," ಎಂದರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ಏನಾದರೂ ಮಾಡಿದ್ದೀಯಾ ಎಂದು ಕೇಳಿದರು.

ಆ ಮಧ್ಯಾಹ್ನ ಅತ್ತೆ ಮೇಜಿಗೆ ಬಂದರು. ನಾನು ತಕ್ಕಡಿಯನ್ನು ಎತ್ತಿ ಕೆಳಗಿಟ್ಟೆ. ಯಾರೂ ಬೇಡ ಎನ್ನಲಿಲ್ಲ. ಕಾಳನ್ನು ನುಣ್ಣಗೆ ಮಸೆದು ಬಡಿಸಿದೆ. ಅತ್ತೆ ನಿಧಾನವಾಗಿ ತಿಂದರು, ಇನ್ನು ಸ್ವಲ್ಪ ಹಾಕು ಎಂದರು. ಇವರು ಎದುರಿಗೆ ಕೂತು ನೋಡುತ್ತಿದ್ದರು. ಇವರ ತಟ್ಟೆ ಹಾಕಿದ ಹಾಗೇ ಇತ್ತು.

ಈಗ ಅತ್ತೆ ನಲವತ್ತೊಂಬತ್ತಕ್ಕೆ ಬಂದಿದ್ದಾರೆ. ಮಗಳು ಬೆಳಗಿನ ಪಾಳಿಗೆ ಮರಳಿದ್ದಾಳೆ. ರಾತ್ರಿ ನಾಲ್ವರೂ ಕೂತು ಉಣ್ಣುತ್ತೇವೆ, ಕಾಳೂ ಇರುತ್ತದೆ, ಸಿಪ್ಪೆಯ ಸೇಬೂ ಇರುತ್ತದೆ. ಅಂಗಡಿಯಲ್ಲಿ ನೆಲದ ಮೇಲೆ ಕೂತು ಇವರು ನನಗೆ ಹೇಳಿದ್ದನ್ನೂ, ಬಾಗಿಲಲ್ಲಿ ನಿಂತು ತಾಯಿಗೆ ಹೇಳಿದ್ದನ್ನೂ, ಎರಡನ್ನೂ ಕೇಳಿದವಳು ನಾನೊಬ್ಬಳೇ. ಆ ಮಾತು ನಮ್ಮಿಬ್ಬರ ನಡುವೆ ಮತ್ತೆ ಬಂದಿಲ್ಲ. ಬರುವ ಹಾಗೆ ಇವರು ಜಾಗವನ್ನೇ ಕೊಡುವುದಿಲ್ಲ.

ಅತ್ತೆಗೆ ಮಾತ್ರ ಅದೊಂದು ಹೊಸ ಮಾತು ಸಿಕ್ಕಿದಂತಾಗಿದೆ. ನೆಂಟರು ಬಂದರೆ, ಪಕ್ಕದ ಮನೆಯಾಕೆ ಬಂದರೆ, ಹೇಗೋ ಏನೋ ಅಲ್ಲಿಗೇ ಬರುತ್ತಾರೆ. "ನಮ್ಮ ದೊಡ್ಡವನು ಬರೀ ಬ್ರೆಡ್ಡು ತಿಂತಿದ್ದ ಅಂತಾರೆ. ಇಲ್ಲಪ್ಪ, ಕಾಳೂ ತಿಂತಿದ್ದ. ದಿನಾ ಒಂದು ಸೌಟು. ಬೇಕಾದ್ರೆ ಚಿಕ್ಕವನ್ನ ಕೇಳಿ," ಎನ್ನುತ್ತಾರೆ.

ಬಂದವರು ಇವರ ಕಡೆ ತಿರುಗುತ್ತಾರೆ. ಇವರು ಹೌದೆಂದು ತಲೆಯಾಡಿಸಿ, ಕೆಳಗೆ ಸ್ವಲ್ಪ ಕೆಲಸವಿದೆ ಎಂದು ಎದ್ದು ಹೋಗುತ್ತಾರೆ.